ಬುಷ್ ಹಾಕಿದ್ದೇವೆ ಅಂದವರು ಪಿನ್ನನ್ನೇ ತೆಗೆದಿರಲಿಲ್ಲ

ಎರಡು ದಿನದಿಂದ ಹೊಟ್ಟೆ ಉರೀತಾ ಉಂಟು ಮಾರಾಯ್ರೆ, ಬರೆಯದೆ ಆಗುವುದಿಲ್ಲ.

ದೊಡ್ಡಪ್ಪನಿಂದ ನನ್ನ ಕೈಗೆ ಬಂದ ಗಾಡಿ, 1969ರ ಎಂಜಿಬಿ, ಬ್ರಿಟನ್ನಿನ ಹಳೆ ಸ್ಪೋರ್ಟ್ಸ್ ಕಾರು. ಸಿಲಿಂಡರುಗಳಿಗೆ ಕಿಡಿ ಹಂಚುವ ಅದರ ಲೂಕಸ್ ಡಿಸ್ಟ್ರಿಬ್ಯೂಟರಿನ ಬುಷ್, ಅಂದ್ರೆ ಒಳಗಿನ ಶಾಫ್ಟ್ ತಿರುಗುವ ಲೋಹದ ಕೊಳವೆ, ಸವೆದು ಶಾಫ್ಟ್ ಆಡ್ತಿತ್ತು. ಮಂಗಳೂರಿನಲ್ಲೇ ಹಳೆ ಗಾಡಿ ಕೆಲಸಕ್ಕೆ ಹೆಸರಿರುವ ಒಂದು ಗ್ಯಾರೇಜಿಗೆ ಬಿಚ್ಚಿ ತೆಗೆದುಕೊಂಡು ಹೋಗಿ ಕೊಟ್ಟೆ. "ಪೂರ್ತಿ ರೀಬಿಲ್ಡ್ ಮಾಡಿ ಕೊಡ್ತೇವೆ ಸರ್" ಅಂದ್ರು. ಆರು ವಾರ ಅಲೆದಾಡಿಸಿದ್ರು. ಯಾವಾಗ ಕೇಳಿದ್ರೂ "ನಾಡಿದ್ದು ಬನ್ನಿ". ಕೊನೆಗೆ ಕೊಟ್ಟ ಬಿಲ್ಲು 7,200 ರೂಪಾಯಿ. ಬುಷ್, ಪಾಯಿಂಟ್, ಕಂಡೆನ್ಸರ್, ರೋಟರ್, ಮಜೂರಿ ಎಲ್ಲ ಬರೆದಿತ್ತು. ಹೊರಗಿನ ಮೈಯನ್ನು ತಿಕ್ಕಿ ತಿಕ್ಕಿ ಬೆಳ್ಳಿ ಲೋಟದ ಹಾಗೆ ಮಾಡಿದ್ರು. ನಂಬಿದೆ.

ನಂತೂರಿನಲ್ಲಿ, ಸಂಜೆ ಆರು ಗಂಟೆಗೆ, ಗಾಡಿ ಕುಂಟಿ ಕುಂಟಿ ನಿಂತೇಬಿಟ್ಟಿತು. ಹಿಂದೆ ಪಣಂಬೂರಿಗೆ ಹೋಗುವ ಲಾರಿಗಳ ಸಾಲು. ಪಕ್ಕದಲ್ಲಿ ಕೂತಿದ್ದ ಅಮ್ಮನಿಗೆ ಎಪ್ಪತ್ತೆರಡು ವರ್ಷ. ಇಬ್ಬರು ಆಟೋದವರು ಇಳಿದು ತಳ್ಳಿಕೊಟ್ಟರು, ಅವರಿಗೆ ಪುಣ್ಯ ಬರಲಿ.

ಮನೆಗೆ ಎಳೆಸಿಕೊಂಡು ಬಂದು ಡಿಸ್ಟ್ರಿಬ್ಯೂಟರಿನ ಕ್ಯಾಪ್ ತೆಗೆದು, ಸಂದಿ ಅಳೆಯುವ ಫೀಲರ್ ಗೇಜ್ ಹಿಡಿದೆ. ಕರೆಂಟ್ ಕಡಿದು ಕಿಡಿ ಹುಟ್ಟಿಸುವ ಪಾಯಿಂಟಿನ ಗ್ಯಾಪು ಇಂಚಿನ ಸಾವಿರದಲ್ಲಿ 14ರಿಂದ 16 ಭಾಗ ಇರಬೇಕು. ಪಾಯಿಂಟನ್ನು ತೆರೆಯುವ ಕ್ಯಾಮಿನ ಒಂದು ಮೂಲೆಯಲ್ಲಿ 15 ಬಂತು. ಕ್ಯಾಮನ್ನು ತಿರುಗಿಸಿ ಮುಂದಿನ ಮೂಲೆ ನೋಡಿದ್ರೆ 9! ಶಾಫ್ಟನ್ನು ಬೆರಳಲ್ಲಿ ಒತ್ತಿದ್ರೆ ಅದೂ ಬದಲಾಗ್ತದೆ. ಹೀಗಿದ್ದರೆ ನಾಲ್ಕು ಸಿಲಿಂಡರಿಗೂ ಕಿಡಿ ಹೊತ್ತು ತಪ್ಪಿ, ಒಂದೊಂದಕ್ಕೆ ಒಂದೊಂದು ಥರ. ಟೈಮಿಂಗ್, ಅಂದ್ರೆ ಕಿಡಿ ಬೀಳುವ ಹೊತ್ತು, ಎಷ್ಟು ಸಲ ಹಿಡಿದರೂ ನಿಲ್ಲುವುದು ಹೇಗೆ?

ಆಮೇಲೆ ತಲೆಕೆಳಗು ಮಾಡಿ ನೋಡಿದೆ. ಬುಷ್ ಬದಲಿಸಬೇಕಾದರೆ ಶಾಫ್ಟ್ ಹೊರಗೆ ಬರಬೇಕು. ಶಾಫ್ಟ್ ಬರಬೇಕಾದರೆ ಅಡಿಯಲ್ಲಿ ಇಂಜಿನ್ನಿಗೆ ಸಿಕ್ಕಿಕೊಳ್ಳುವ ತುಂಡು, ಡಾಗಿನ ಪಿನ್ ಹೊಡೆದು ತೆಗೆಯಬೇಕು, ಬೇರೆ ದಾರಿ ಇಲ್ಲ. ಆ ಪಿನ್ನಿನ ತಲೆ ಮೇಲೆ ಐವತ್ತು ವರ್ಷದ ಎಣ್ಣೆ ಕರಿ ಹಲಸಿನ ಮೇಣದ ಹಾಗೆ ಅಂಟಿಕೊಂಡು ಕೂತಿದೆ. ಸುತ್ತಿಗೆಯ ಒಂದು ಗುರುತಿಲ್ಲ, ಪಂಚಿನ ಒಂದು ಗೀರಿಲ್ಲ. ಮುಟ್ಟಿಯೇ ಇಲ್ಲ! ಮುಟ್ಟದ ಬುಷ್ಷಿಗೆ ನನ್ನಿಂದ 1,800 ರೂಪಾಯಿ ತೆಗೊಂಡಿದ್ದಾರೆ.

ಅಷ್ಟಕ್ಕೇ ನಿಂತಿದ್ರೆ ದುಡ್ಡು ಹೋಯ್ತು ಅಂತ ಸುಮ್ಮನಾಗ್ತಿದ್ದೆನೋ ಏನೋ. ಬೇಸ್ ಪ್ಲೇಟಿನ ಕೆಳಗೆ ಎರಡು ಸ್ಪ್ರಿಂಗ್ ಇರ್ತವೆ, ಒಂದು ತೆಳು, ಒಂದು ದಪ್ಪ. ಸ್ಪೀಡ್ ಏರಿದ ಹಾಗೆ ಟೈಮಿಂಗ್ ಎಷ್ಟು ಮುಂದೆ ಹೋಗಬೇಕು ಅಂತ ತೀರ್ಮಾನ ಮಾಡುವುದೇ ಅವು. ಇವರು ಎರಡೂ ಕಡೆ ಒಂದೇ ಥರದ ತೆಳು ಸ್ಪ್ರಿಂಗ್ ಹಾಕಿದ್ದಾರೆ, ಹಾಗಾಗಿ ಟೈಮಿಂಗ್ ಬೇಗ ಬೇಗ ಮುಂದೆ ಓಡ್ತದೆ. ಏರಿನಲ್ಲಿ ಇಂಜಿನ್ ಯಾಕೆ ಕಟಕಟ ಬಡೀತದೆ ಅಂತ ಆಗ ಗೊತ್ತಾಯ್ತು. ಪ್ಲೇಟಿನ ಸಣ್ಣ ಅರ್ತ್ ವಯರಿನಲ್ಲೂ ಎರಡೇ ಎಳೆ ಉಳಿದಿದೆ.

ಫೋನ್ ಮಾಡಿದೆ. "ಕಡಲ ಗಾಳಿಗೆ ಹಾಗೆಯೇ ಸರ್, ಇದೆಲ್ಲ ಬಿಸಾಡಿ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿ" ಅಂತಾರೆ. ಕಡಲ ಗಾಳಿ ಸ್ಪ್ರಿಂಗ್ ಬದಲಿಸ್ತದಾ? ಶಾಫ್ಟ್ ಆಡುವಾಗ ಎಲೆಕ್ಟ್ರಾನಿಕ್ ಹಾಕಿದರೂ ಶಾಫ್ಟ್ ಆಡುವುದೇ ಅಲ್ವಾ? ಗೊತ್ತಿಲ್ಲದಿದ್ರೆ "ನಮ್ಮಿಂದಾಗುವುದಿಲ್ಲ" ಅಂತ ಮೊದಲ ದಿನವೇ ಹೇಳಬಹುದಿತ್ತು. ನಾನು ಬೇರೆ ಕಡೆ ಹೋಗ್ತಿದ್ದೆ.

ಬೈಕಂಪಾಡಿಯ ಒಬ್ಬ ಲೇತಿನವರು ಪಿನ್ ತೆಗೆದು ಹೊಸ ಬುಷ್ ಒತ್ತಿಕೊಡ್ತೇನೆ ಅಂದಿದ್ದಾರೆ. ಒತ್ತುವ ಮೊದಲು ಬುಷ್ಷನ್ನು 24 ಗಂಟೆ ಇಂಜಿನ್ ಆಯಿಲಿನಲ್ಲಿ ನೆನೆಸಬೇಕು, ಒತ್ತಿದ ಮೇಲೆ ತೂತು ಕೆರೆಯುವ ರೀಮರ್ ಹಾಕಬಾರದು, ಹಾಕಿದ್ರೆ ಎಣ್ಣೆ ಹಿಡಿಯುವ ಸಣ್ಣ ರಂಧ್ರಗಳು ಮುಚ್ಚಿ ಹೋಗ್ತವೆ. ಇದನ್ನು ನಾನು ಬಾಯಿ ತೆರೆಯುವ ಮೊದಲೇ ಅವರೇ ಹೇಳಿದ್ರು. ಬುಷ್ ಈಗ ನಮ್ಮ ಅಡುಗೆಮನೆಯ ಸ್ಟೀಲ್ ಬಟ್ಟಲಲ್ಲಿ ಮುಳುಗಿದೆ.

ಆದರೆ ಆ ದಪ್ಪ ಸ್ಪ್ರಿಂಗ್? ಅದು ಈ ಡಿಸ್ಟ್ರಿಬ್ಯೂಟರಿನ ಜೊತೆಗೇ ಬಂದದ್ದು, ಅಂಗಡಿಯಲ್ಲಿ ಕೇಳಿದ್ರೆ ಸಿಗುವ ಸಾಮಾನಲ್ಲ. ನಾಳೆ ಒಂಬತ್ತಕ್ಕೆ ಗ್ಯಾರೇಜ್ ಬಾಗಿಲು ತೆಗೆಯುವಾಗ ಅಲ್ಲಿ ನಿಂತಿರ್ತೇನೆ. ದುಡ್ಡಿನ ಮಾತು ಆಮೇಲೆ. ಮೊದಲು ಅವರ ಗುಜರಿ ಡಬ್ಬಿಯನ್ನು ನೆಲಕ್ಕೆ ಸುರಿದು ನನ್ನ ಸ್ಪ್ರಿಂಗ್ ಹುಡುಕಬೇಕು.