ಪೇಂಟ್ ನೋಡ್ತೀರಿ, ಬ್ಯಾಟರಿ ಹೇಗಿದೆ ಅಂತ ಯಾಕೆ ಕೇಳೋದಿಲ್ಲ?

ನಿನ್ನೆ ರಾತ್ರಿ ಒಂಬತ್ತೂವರೆಗೆ ಬದಿಯಡ್ಕದ ಭಾವ ಫೋನ್ ಮಾಡಿದರು. ಕಟೀಲಿಗೆ ಹೋಗಿ ವಾಪಸ್ ಬರುವಾಗ ಉಪ್ಪಳದಲ್ಲಿ ಎಲೆಕ್ಟ್ರಿಕ್ ಕಾರು ನಿಲ್ಲಿಸಿದ್ದಾರೆ. ಚಾರ್ಜ್ 9 ಪರ್ಸೆಂಟ್. ನಾನು ಹೋಗಿ ನೋಡಿದರೆ ಎ.ಸಿ. ಬಂದ್, ನಾಲ್ಕೂ ಗ್ಲಾಸ್ ಇಳಿಸಿದ್ದಾರೆ, ಹಿಂದಿನ ಸೀಟಿನಲ್ಲಿ ಅಕ್ಕ ಸೆರಗಿನಿಂದ ಮಗುವಿಗೆ ಗಾಳಿ ಹಾಕುತ್ತಿದ್ದಾಳೆ. ಬೆಳಿಗ್ಗೆ ಫುಲ್ ಚಾರ್ಜ್ ಮಾಡಿಯೇ ಹೊರಟಿದ್ದರು. ಓಡಿದ್ದು ಸುಮಾರು 135 ಕಿಲೋಮೀಟರ್. ಕೊನೆಗೆ ಪರಿಚಯದವರ ಮನೆಯ 15 ಆಂಪಿಯರ್ ಪ್ಲಗ್ಗಿಗೆ ಎರಡು ಗಂಟೆ ಹಾಕಿ, ಊರು ಮುಟ್ಟುವಾಗ ನಡುರಾತ್ರಿ ದಾಟಿತ್ತು.

ಕಾರು ತಗೊಂಡು ತಿಂಗಳಾಯ್ತು ಅಷ್ಟೆ. ಸೆಕೆಂಡ್ ಹ್ಯಾಂಡ್, 24 ಯೂನಿಟ್ ಕರೆಂಟ್ ಹಿಡಿಯುವ ಬ್ಯಾಟರಿ. ಮಾರಿದವರು ತೋರಿಸಿದ್ದು ಏನು? ಹೊಸ ಸೀಟ್ ಕವರ್, ಮಿರಿಮಿರಿ ಟೈರು, ಮತ್ತೆ ಡ್ಯಾಶ್‌ಬೋರ್ಡಿನಲ್ಲಿ 230 ಕಿಲೋಮೀಟರ್ ಓಡುತ್ತದೆ ಅನ್ನುವ ಅಂಕಿ. ಆ ಅಂಕಿ ಇತ್ತೀಚೆಗೆ ಗಾಡಿ ಹೇಗೆ ಓಡಿದೆ ಅನ್ನುವುದರ ಮೇಲೆ ಹಾಕುವ ಅಂದಾಜು ಮಾರಾಯ್ರೆ! ನಾಲ್ಕು ದಿನ ಎ.ಸಿ. ಇಲ್ಲದೆ ನಿಧಾನ ಓಡಿಸಿದರೆ ಅದು ತಾನಾಗಿ ಏರುತ್ತದೆ. ಬ್ಯಾಟರಿಯಲ್ಲಿ ಎಷ್ಟು ಜೀವ ಉಳಿದಿದೆ ಅಂತ ಅದು ಹೇಳುವುದಿಲ್ಲ.

ಮಂಗಳೂರಿನ ಕೆಎ 19 ಗಾಡಿಯನ್ನು ಕಾಸರಗೋಡಿನ ಕೆಎಲ್ 14 ಮಾಡಿಸಲು ಎನ್‌ಒಸಿ ಅಂತ ಓಡಾಡುತ್ತೇವೆ, ಟ್ಯಾಕ್ಸ್ ಎಷ್ಟಾಗುತ್ತದೆ ಅಂತ ಹತ್ತು ಜನರಲ್ಲಿ ಕೇಳುತ್ತೇವೆ. ಗಾಡಿಯಲ್ಲಿ ಎಲ್ಲಕ್ಕಿಂತ ದುಬಾರಿ ಸಾಮಾನು ಬ್ಯಾಟರಿ. ಅದರ ಹೆಲ್ತ್ ರಿಪೋರ್ಟ್ ಮಾತ್ರ ಕೇಳುವುದಿಲ್ಲ. ಕೇಳದಿದ್ದರೆ ಮಾರುವವರು ಯಾಕೆ ಕೊಡುತ್ತಾರೆ?

"8 ವರ್ಷ, 1.6 ಲಕ್ಷ ಕಿಲೋಮೀಟರ್ ವಾರಂಟಿ ಇದೆಯಲ್ಲ" ಅಂತ ಕೆಲವರು ಹೇಳುತ್ತಾರೆ. ಇರಬಹುದು. ಆದರೆ ಸಾಮರ್ಥ್ಯ ಇಂತಿಷ್ಟು ಪರ್ಸೆಂಟಿಗಿಂತ ಕೆಳಗೆ ಇಳಿದರೆ ಮಾತ್ರ ಅದು ಕೆಲಸಕ್ಕೆ ಬರುವುದು. ಕಾಲುಭಾಗ ಹೋದ ಬ್ಯಾಟರಿ ಎಷ್ಟೋ ಸಲ ಆ ಗೆರೆಗಿಂತ ಮೇಲೆಯೇ ನಿಂತಿರುತ್ತದೆ. ಎರಡನೇ ಓನರಿಗೆ ವಾರಂಟಿ ಸಿಗುತ್ತದಾ, ಯಾವ ಷರತ್ತಿನಲ್ಲಿ ಅಂತ ಕಾಗದ ಓದಿದವರು ಎಷ್ಟು ಜನ?

ಒಂದು ವಿಷಯ ಹೇಳಿಬಿಡುತ್ತೇನೆ. ಕಾರು ನೋಡಲು ಹೋದ ದಿನ ನಾನೂ ಜೊತೆಗಿದ್ದೆ. ಎರಡು ವರ್ಷದಿಂದ ಹಳೆಯ ಎಲೆಕ್ಟ್ರಿಕ್ ಕಾರನ್ನೇ ಓಡಿಸುತ್ತಿರುವ ನನಗೆ ಏನು ಕೇಳಬೇಕು ಅಂತ ಗೊತ್ತಿತ್ತು. ಅಕ್ಕನ ಮುಖದಲ್ಲಿ ಖುಷಿ ಕಂಡು ಸುಮ್ಮನಾದೆ. ನಿನ್ನೆ ರಾತ್ರಿ ಅದೇ ಮುಖ ನೋಡುವುದು ಕಷ್ಟವಾಯ್ತು.

ನನ್ನ ಕಾರು ತಗೊಳ್ಳುವ ಮೊದಲು ನಾನು ಮಾಡಿದ್ದು ಇಷ್ಟು. ಫುಲ್ ಚಾರ್ಜ್‌ನಿಂದ 20 ಪರ್ಸೆಂಟಿಗೆ ಇಳಿಯುವವರೆಗೆ ಓಡಿಸಿದೆ. ಆಮೇಲೆ ಪ್ಲಗ್ಗಿಗೆ, ಎಷ್ಟು ಯೂನಿಟ್ ಹೋಯಿತು ಅಂತ ತೋರಿಸುವ ಸಣ್ಣ ಮೀಟರ್ ಸಿಕ್ಕಿಸಿ ಮತ್ತೆ ಫುಲ್ ಮಾಡಿದೆ. 24 ಯೂನಿಟ್ ಬ್ಯಾಟರಿಯಲ್ಲಿ 80 ಪರ್ಸೆಂಟ್ ಅಂದರೆ 19 ಚಿಲ್ಲರೆ. ಚಾರ್ಜರಿನಲ್ಲಿ ಸ್ವಲ್ಪ ನಷ್ಟವಾಗುತ್ತದೆ, ಹಾಗಾಗಿ ಮೀಟರ್ 21ರ ಆಸುಪಾಸು ತೋರಿಸಬೇಕು. ಬರೀ 16, 17ಕ್ಕೇ ತುಂಬಿತು ಅಂದರೆ ಬ್ಯಾಟರಿ ಸೋತಿದೆ. ಮಾರುವವರು ಒಂದು ದಿನ ಗಾಡಿ ಬಿಡುವುದಿಲ್ಲ ಅಂದರೆ ಸರ್ವಿಸ್ ಸೆಂಟರಿನಲ್ಲಿ ಚೆಕ್ ಮಾಡಿಸಿ ಕಾಗದ ಕೊಡಲಿ. ಅದೂ ಆಗದಿದ್ದರೆ ಆ ಗಾಡಿ ಬೇಡ.

ತಗೊಂಡ ಮೇಲೆ ಕಾಪಾಡಿಕೊಳ್ಳುವುದು ಅಷ್ಟೇನೂ ಕಷ್ಟವಲ್ಲ. ನಮ್ಮ ಊರಲ್ಲಿ ದೊಡ್ಡ ಶತ್ರು ಸೆಕೆ. ಏಪ್ರಿಲ್‌ನಲ್ಲಿ ಶೀಟ್ ಹಾಕಿದ ಶೆಡ್ಡಿನೊಳಗೆ ಕೈ ಇಟ್ಟು ನೋಡಿ, ಗೊತ್ತಾಗುತ್ತದೆ. ನನ್ನದು ಹಲಸಿನ ಮರದ ಕೆಳಗೆ ನಿಲ್ಲುತ್ತದೆ. ದಿನದ ಓಡಾಟಕ್ಕೆ 80 ಪರ್ಸೆಂಟ್ ಸಾಕು. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಅನ್ನುವ ಜಾತಿಯ ಬ್ಯಾಟರಿಯಾದರೆ ಆಗಾಗ ಪೂರ್ತಿ ತುಂಬಿಸಬೇಕು, ಇಲ್ಲದಿದ್ದರೆ ಪರ್ಸೆಂಟಿನ ಲೆಕ್ಕ ತಪ್ಪುತ್ತದೆ. ಫಾಸ್ಟ್ ಚಾರ್ಜರ್ ದೂರದ ದಾರಿಗೆ ಇರಲಿ, ದಿನಾ ಬೇಡ. ಹೈವೇಯಲ್ಲಿ ಓಡಿ ಬಂದ ಗಾಡಿ ಸ್ವಲ್ಪ ತಣಿಯಲಿ, ಆಮೇಲೆ ಪ್ಲಗ್ ಹಾಕಿ. ಹದಿನೈದು ದಿನ ಊರಲ್ಲಿ ಇರುವುದಿಲ್ಲವಾ, ಅರ್ಧ ಚಾರ್ಜ್‌ನಲ್ಲಿ ಬಿಟ್ಟು ಹೋಗಿ.

ಭಾನುವಾರ ಭಾವನ ಮನೆಗೆ ಆ ಮೀಟರ್ ತಗೊಂಡು ಹೋಗುತ್ತಿದ್ದೇನೆ. ಕುಂಬಳೆ, ಪೆರ್ಲ, ಮುಳ್ಳೇರಿಯ ಕಡೆಯ ಯಾರಾದರೂ ಹಳೆಯ ಎಲೆಕ್ಟ್ರಿಕ್ ಗಾಡಿ ನೋಡಿದ್ದರೆ, ಅಡ್ವಾನ್ಸ್ ಕೊಡುವ ಮೊದಲು ಒಂದು ಫೋನ್ ಮಾಡಿ. ಮೀಟರ್ ಹಿಡಿದುಕೊಂಡು ನಾನೇ ಬರುತ್ತೇನೆ.