ಜಗತ್ ಸರ್ಕಲ್ ಊರಲ್ಲಿ ಗಿಂಪ್ ಸರ್ಕಲ್

ಕಲಬುರಗಿಯಲ್ಲಿ ಸರ್ಕಲ್‌ಗಳಿಗೇನೂ ಬರವಿಲ್ಲ. ಜಗತ್ ಸರ್ಕಲ್, ಪಟೇಲ್ ಸರ್ಕಲ್, ರಾಮ ಮಂದಿರ ಸರ್ಕಲ್. ಸಾಲದ್ದಕ್ಕೆ ಊರ ಸುತ್ತ ರಿಂಗ್ ರೋಡ್. ಇಂಥ ಊರಿನ ಸೂಪರ್ ಮಾರ್ಕೆಟ್‌ನಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟ ಹುಡುಗನಿಗೆ ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಒಂದು ಸರ್ಕಲ್ ಎಳೆಯಲು ಬರಲಿಲ್ಲವೆಂದರೆ ತಪ್ಪು ಯಾರದು? ಬಲ್ಲವರ ಉತ್ತರ ಸದಾ ಸಿದ್ಧ: 'ಮ್ಯಾನುಯಲ್ ಓದಬೇಕಿತ್ತು.'

ಓದಿದ. ಟೂಲ್‌ಬಾಕ್ಸ್‌ನಲ್ಲಿ ಸರ್ಕಲ್ ಎಳೆಯುವ ಟೂಲೇ ಇಲ್ಲ. ಎಲಿಪ್ಸ್ ಸೆಲೆಕ್ಟ್ ಹಿಡಿದು, ಸರ್ಕಲ್ಲಿನಷ್ಟು ಜಾಗ ಆಯ್ದು, ಎಡಿಟ್ ಮೆನುವಿಗೆ ಹೋಗಿ 'ಸ್ಟ್ರೋಕ್ ಸೆಲೆಕ್ಷನ್' ಒತ್ತಿ ಅದರ ಅಂಚಿಗೆ ಗೆರೆ ಎಳೆಸಬೇಕು. ಅಂದರೆ ಸರ್ಕಲ್ ಬೇಕಾದವನು ಸರ್ಕಲ್ ಹುಡುಕಬಾರದು, ಸೆಲೆಕ್ಷನ್ ಹುಡುಕಬೇಕು. ಇದು ಮೊದಲೇ ಗೊತ್ತಿದ್ದವನಿಗೆ ಮ್ಯಾನುಯಲ್‌ನಲ್ಲಿ ತಟ್ಟನೆ ಸಿಗುತ್ತದೆ.

ಅಷ್ಟಕ್ಕೇ ಮುಗಿಯಲಿಲ್ಲ. 'ಶಿಫ್ಟ್ ಒತ್ತಿ ಹಿಡದೀನ್ರಿ, ಆದ್ರೂ ಗುಂಡಗ ಬರವಲ್ದು' ಅಂತ ಅವನ ಗೋಳು. ಯಾಕೆಂದರೆ ಮೌಸ್ ಕ್ಲಿಕ್ಕಿಸುವ ಮುಂಚೆ ಶಿಫ್ಟ್ ಒತ್ತಿದರೆ, ಹಳೆ ಸೆಲೆಕ್ಷನ್‌ಗೆ ಹೊಸದು ಸೇರುತ್ತದೆ. ಕ್ಲಿಕ್ಕಿಸಿ ಎಳೆಯಲು ಶುರುಮಾಡಿದ ಮೇಲೆ ಒತ್ತಿದರೆ ಮಾತ್ರ ಗುಂಡಗೆ ಬರುತ್ತದೆ. ಅದೇ ಗುಂಡಿ, ಅದೇ ಬೆರಳು, ಅರ್ಧ ಸೆಕೆಂಡಿನ ಹಿಂದುಮುಂದು. ಮುಹೂರ್ತ ನೋಡಿ ಒತ್ತುವ ಗುಂಡಿ ಎಂದು ಯಾರಾದರೂ ಪಂಚಾಂಗದಲ್ಲಾದರೂ ಹಾಕಬಾರದಿತ್ತೇ?

ಆಮೇಲೆ ನಾಯಕರ ಮುಖ. ಹುಟ್ಟುಹಬ್ಬದ ಬ್ಯಾನರ್, ನಡುವೆ ಸಾಹೇಬರು, ಸುತ್ತ ಗುಂಡನೆಯ ಚೌಕಟ್ಟುಗಳಲ್ಲಿ ಅಭಿಮಾನಿಗಳು. ಫೋಟೊದ ಹಿನ್ನೆಲೆ ಅಳಿಸಬೇಕು. (ನಾಯಕರ ಹಿನ್ನೆಲೆ ಅಳಿಸುವ ಕೆಲಸವನ್ನು ನಮ್ಮ ಪಕ್ಷಗಳು ಚುನಾವಣೆ ಹತ್ತಿರ ಬಂದಾಗ ಯಾವ ತಂತ್ರಾಂಶವೂ ಇಲ್ಲದೆ ಮಾಡಿ ಮುಗಿಸುತ್ತವೆ, ಅದು ಬೇರೆ ವಿಷಯ.) ಹುಡುಗ ಸಾಹೇಬರನ್ನು ಆಯ್ದು, ಹಿನ್ನೆಲೆ ಮಾತ್ರ ಆಯ್ಕೆಯಾಗುವಂತೆ ಸೆಲೆಕ್ಷನ್ ತಿರುವುಮುರುವು ಮಾಡಿ ಡಿಲೀಟ್ ಒತ್ತಿದ. ಹಿಂದಿದ್ದ ಗೋಡೆ ಹೋಯಿತು, ಅದರ ಜಾಗದಲ್ಲಿ ಬಿಳಿ ಡಬ್ಬಿ ಬಂದು ಕೂತಿತು. 'ಸಾಹೇಬ್ರ ಮಾರಿ ಸುತ್ತ ಬೆಳ್ಳಗ ಉಳೀಲಾಕತ್ತದ!' ಜೆಪೆಗ್ ಚಿತ್ರಕ್ಕೆ ಆಲ್ಫಾ ಚಾನೆಲ್, ಅಂದರೆ ಎಲ್ಲೆಲ್ಲಿ ಪಾರದರ್ಶಕ ಎಂಬ ಲೆಕ್ಕ, ಇರುವುದಿಲ್ಲ. ಅದನ್ನು ಮೊದಲು ಸೇರಿಸದಿದ್ದರೆ ಅಳಿಸಿದ ಜಾಗಕ್ಕೆಲ್ಲ ಬ್ಯಾಕ್‌ಗ್ರೌಂಡ್ ಬಣ್ಣ ತುಂಬಿಕೊಳ್ಳುತ್ತದೆ. ಕಾರಣ ಇಷ್ಟೇ. ಇದನ್ನು ತಿಳಿಯಲು ಹುಡುಕುವವನ ಬಾಯಲ್ಲಿ 'ಆಲ್ಫಾ ಚಾನೆಲ್' ಎಂಬ ಮಾತು ಮೊದಲೇ ಇರಬೇಕು. ಅವನು ಹುಡುಕಿದ್ದೋ 'ಬಿಳಿ ಡಬ್ಬಿ'.

ಸೇವ್ ಮಾಡಿದ. ಗಿಂಪ್‌ನದೇ ನಮೂನೆಯ ಎಕ್ಸ್‌ಸಿಎಫ್ ಕಡತ ಹುಟ್ಟಿತು, ಗಿರಾಕಿಯ ಮೊಬೈಲ್‌ನಲ್ಲಿ ತೆರೆಯಲಿಲ್ಲ. 2012ರ 2.8 ಆವೃತ್ತಿಯಿಂದ ಜೆಪೆಗ್ ಬೇಕೆಂದವನು ಸೇವ್ ಅಲ್ಲ, ಎಕ್ಸ್‌ಪೋರ್ಟ್ ಒತ್ತಬೇಕು.

1995ರಲ್ಲಿ ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು, ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್, ಶುರುಮಾಡಿದ ತಂತ್ರಾಂಶ ಇದು. ಇಂದಿಗೂ ಪುಕ್ಕಟೆ, ದುಡಿಯುವವರಲ್ಲಿ ಬಹಳಷ್ಟು ಮಂದಿ ಪುಕ್ಕಟೆಯೇ ದುಡಿಯುತ್ತಾರೆ. ಅವರ ಮೇಲೆ ನನಗೆ ಗೌರವವಿದೆ. ನನ್ನ ತಕರಾರು ಅವರ ಪರವಾಗಿ ಮೀಸೆ ತಿರುವುವವರ ಮೇಲೆ. ಗಿಂಪ್ ಕಲಿಸುವ ಪಾಠ ಹಳೆಯದಾಯಿತು ಅಂದರೆ 'ಹೊಸ ಆವೃತ್ತಿ ಬಂದಿದೆ ನೋಡಿ' ಅನ್ನುತ್ತಾರೆ. ನಿಜ, ಬಂದಿದೆ. 2025ರ ಮಾರ್ಚ್‌ನಲ್ಲಿ ಗಿಂಪ್ 3.0 ಬಂತು. ಪೇಸ್ಟ್ ಮಾಡಿದ್ದು ಫ್ಲೋಟಿಂಗ್ ಸೆಲೆಕ್ಷನ್ ಆಗಿ ತ್ರಿಶಂಕುವಿನಂತೆ ತೇಲುತ್ತಿದ್ದದ್ದು ಹೋಗಿ ನೇರ ಹೊಸ ಲೇಯರ್ ಆಯಿತು. ಒಳ್ಳೆಯದೇ. ಆದರೆ ಆ ತೇಲುವ ಸೆಲೆಕ್ಷನ್‌ಗೆ ಲಂಗರು ಹಾಕುವುದನ್ನು ಕಲಿಸುವ ಹಳೆಯ ಪಾಠಗಳು ಇನ್ನೂ ಹಾಗೇ ತೇಲುತ್ತಿವೆ. 2019ರಲ್ಲಿ 3ಡಿ ಚಿತ್ರದ ತಂತ್ರಾಂಶ ಬ್ಲೆಂಡರ್‌ನ 2.80 ಆವೃತ್ತಿ ಬಂದು ಬಲ ಕ್ಲಿಕ್ಕಿನಿಂದ ಆಯುವುದನ್ನು ಎಡ ಕ್ಲಿಕ್ಕಿಗೆ ತಂದಾಗಲೂ ಇದೇ ಕತೆ.

ಇಷ್ಟೆಲ್ಲ ಹೇಳಿಕೊಂಡರೆ ಕೊನೆಯ ಬಾಣ ಬರುತ್ತದೆ: 'ಓಪನ್ ಸೋರ್ಸ್ ಅಲ್ಲವೇ? ನೀನೇ ತಿದ್ದು!' ಹೇಗೆ ತಿದ್ದುವುದು? ಗಿಂಪ್ ಮ್ಯಾನುಯಲ್ ಇರುವುದು ಡಾಕ್‌ಬುಕ್ ಎಕ್ಸ್‌ಎಂಎಲ್ ಎಂಬ ಸಂಕೇತ ಭಾಷೆಯಲ್ಲಿ. ಕಡತಗಳನ್ನಿಟ್ಟ ಗಿಟ್‌ಲ್ಯಾಬ್ ತಾಣದಲ್ಲಿ ಖಾತೆ ತೆರೆ, ಫೋರ್ಕ್ ಮಾಡು, ಕ್ಲೋನ್ ಮಾಡು, ತಿದ್ದು, ಬಿಲ್ಡ್ ಮಾಡಿ ನೋಡು, ಸೇರಿಸಿಕೊಳ್ಳಿರೆಂದು ಮರ್ಜ್ ರಿಕ್ವೆಸ್ಟ್ ಹಾಕು. ಚಿತ್ರ ಬಿಡಿಸುವ ಇನ್ನೊಂದು ತಂತ್ರಾಂಶ ಕ್ರಿತಾದ ಮ್ಯಾನುಯಲ್ ಆದರೆ ರೀಸ್ಟ್ರಕ್ಚರ್ಡ್‌ಟೆಕ್ಸ್ಟ್ ಎಂಬ ಮತ್ತೊಂದು ಸಂಕೇತ ಭಾಷೆ ಕಲಿ. ಅರ್ಜಿ ನಮೂನೆ ಸಿಗುತ್ತಿಲ್ಲವೆಂದು ದೂರಿದವನಿಗೆ 'ಅದನ್ನು ನಮೂನೆಯಲ್ಲೇ ಬರೆದುಕೊಡಿ' ಎನ್ನುವ ಕಚೇರಿ ಗುಮಾಸ್ತನೂ ಇಲ್ಲಿ ಕೈಮುಗಿಯಬೇಕು. ಇನ್ನೂ ಸೊಗಸು ಮುಂದಿದೆ: ಇಷ್ಟನ್ನೂ ಕಲಿತು ಬರುವ ಹೊತ್ತಿಗೆ ಅವನು ಹೊಸಬನಾಗಿ ಉಳಿದಿರುವುದಿಲ್ಲ. ಬಿಳಿ ಡಬ್ಬಿ ಯಾಕೆ ಬಂತೆಂದು ತಲೆ ಕೆರೆದುಕೊಂಡದ್ದು ಮರೆತಿರುತ್ತದೆ. ಅವನೂ 'ಸುಮ್ಮನೆ ಆಲ್ಫಾ ಚಾನೆಲ್ ಸೇರಿಸಿ' ಎಂದು ಬರೆದು, ಬಲ್ಲವರ ಸಾಲಿನಲ್ಲಿ ಕೂರುತ್ತಾನೆ.

ನಮ್ಮ ಹುಡುಗ ಆ ಸಾಲಿಗೆ ಹೋಗಲಿಲ್ಲ. ನೋಟ್‌ಬುಕ್ಕಿನ ಹಾಳೆ ಹರಿದು ಬರೆದು, ಮಾನಿಟರ್ ಪಕ್ಕದ ಗೋಡೆಗೆ ಅಂಟಿಸಿದ: 'ಶಿಫ್ಟ್ ಆಮ್ಯಾಲ ಒತ್ತು, ಮೊದಲ ಅಲ್ಲ. ಬಿಳಿ ಡಬ್ಬಿ ಬಂದ್ರ ಕಂಟ್ರೋಲ್ ಝಡ್ ಹೊಡಿ, ಲೇಯರ್, ಟ್ರಾನ್ಸ್‌ಪರೆನ್ಸಿ, ಆ್ಯಡ್ ಆಲ್ಫಾ, ಮತ್ತ ಡಿಲೀಟ್. ವಾಟ್ಸ್ಯಾಪಿಗೆ ಕಳಸೂದಿದ್ರ ಸೇವ್ ಬ್ಯಾಡ, ಎಕ್ಸ್‌ಪೋರ್ಟ್.' ಅಕ್ಕಪಕ್ಕದ ಅಂಗಡಿಯವರು ಬಂದು ಮೊಬೈಲ್‌ನಲ್ಲಿ ಫೋಟೊ ಹೊಡೆದುಕೊಂಡು ಹೋದರು.

ಬೆಂಗಳೂರಿನಿಂದ ಬಂದಿದ್ದ ಮುಕ್ತ ತಂತ್ರಾಂಶದ ಸ್ವಯಂಸೇವಕರೊಬ್ಬರ ಕಣ್ಣಿಗೂ ಅದು ಬಿತ್ತು. ಎರಡೆರಡು ಸಲ ಓದಿದರು, ಮೆಚ್ಚಿದರು. ಆಮೇಲೆ ಕನ್ನಡಕ ಸರಿಮಾಡಿಕೊಂಡು ಕೇಳಿದರು, 'ಇದಕ್ಕೆ ಲೈಸೆನ್ಸ್ ಯಾವುದು? ಗಿಂಪ್ ಮ್ಯಾನುಯಲ್ ಜಿಎನ್‌ಯು ಫ್ರೀ ಡಾಕ್ಯುಮೆಂಟೇಶನ್ ಲೈಸೆನ್ಸ್‌ನಲ್ಲಿದೆ. ಹೊಂದಾಣಿಕೆ ಆಗಬೇಕಲ್ಲ?'

ಹುಡುಗ ತಲೆ ಎತ್ತದೆ ಹೇಳಿದ, 'ಬಾಜೂಕ ಝೆರಾಕ್ಸ್ ಅಂಗಡಿ ಅದರಿ. ಎರಡು ರೂಪಾಯಿ.'