ಮೊಣಕೈಯೂ ಬಂಧುಬಳಗವೂ

ಕೈ ಮುರಿದುಕೊಂಡವನಿಗೆ ನಮ್ಮ ಬಳ್ಳಾರಿಯಲ್ಲಿ ಒಂದು ಮರ್ಯಾದೆ ಇದೆ. ಪ್ಲಾಸ್ಟರ್ ಹಾಕುತ್ತಾರೆ, ಅದರ ಮೇಲೆ ಮಕ್ಕಳು ಚಿತ್ರ ಬರೆಯುತ್ತಾರೆ. ಕೀಲು ತಪ್ಪಿದವನಿಗೆ ಆ ಭಾಗ್ಯವಿಲ್ಲ. "ಮುರಿದಿಲ್ಲವಂತೆ, ಜಾರಿದೆಯಷ್ಟೇ" ಎಂದು ಹಣ್ಣು ತಂದವರು ಪರಸ್ಪರ ಹೇಳಿಕೊಳ್ಳುವಾಗ, ತಂದ ಸೇಬು ದಂಡವಾಯಿತೆಂಬ ಭಾವ ಮುಖದಲ್ಲಿ ಎದ್ದು ಕಾಣುತ್ತದೆ.

ಮೊದಲು ಜಾರಿದ್ದು ನಾನು, ಕೀಲು ಆಮೇಲೆ. ಏಪ್ರಿಲ್ ಬಂತೆಂದರೆ ಕೂಲರ್‌ಗೆ ನೀರು ತುಂಬುವುದು ಈ ಊರಿನ ಗಂಡಸರ ನಿತ್ಯಕರ್ಮ. ಬಕೆಟ್ ತುಳುಕಿತು, ನೆಲ ನುಣುಪಾಗಿತ್ತು. ಬೀಳುವಾಗ ಕೈ ನಮ್ಮನ್ನು ಕೇಳದೆ ಚಾಚಿಕೊಳ್ಳುತ್ತದೆ. ಮೊಣಕೈ ಕೀಲು ತಪ್ಪುವುದು ಹೆಚ್ಚಾಗಿ ಹೀಗೆಯೇ. ಅಂಗೈ ನೆಲಕ್ಕೆ ಊರಿತು, ಮೈಭಾರವೆಲ್ಲ ಅದರ ಮೇಲೆ ಬಿತ್ತು, ಮುಂಗೈಯ ಎರಡೂ ಮೂಳೆಗಳು ತೋಳಿನ ಮೂಳೆಯ ತುದಿಯಿಂದ ಕಳಚಿ ಹಿಂದಕ್ಕೆ ಸರಿದವು. ಮೊಣಕೈಯ ಮೊನೆ ಹಿಂದೆ ಉಬ್ಬಿ ನಿಂತಿತ್ತು, ಅದರ ಮೇಲೆ ಒಂದು ಗುಳಿ. ನನ್ನದೇ ಕೈ, ಗುರುತು ಸಿಗಲಿಲ್ಲ.

ಪಕ್ಕದ ಮನೆಯ ಯಜಮಾನರು ಪಂಚೆ ಎತ್ತಿ ಕಟ್ಟಿಕೊಂಡು ಬಂದರು. "ಹಿಡಿದು ಒಮ್ಮೆ ಜಗ್ಗಿದರೆ ಸರಿ ಹೋಗುತ್ತದೆ ತಮ್ಮಾ." ಮೊಣಕೈಯ ಮುಂದೆ ಕೈಗೆ ರಕ್ತ ಒಯ್ಯುವ ದೊಡ್ಡ ನಾಳ, ಹಿಂದೆ ಕಿರುಬೆರಳಿಗೆ ಹೋಗುವ ನರ, ಜೊತೆಗೆ ಮೂಳೆಯ ಚಕ್ಕೆ ಎದ್ದಿದ್ದರೆ ಎಕ್ಸ್-ರೇ ಇಲ್ಲದೆ ತಿಳಿಯುವುದಿಲ್ಲ. ಇದನ್ನೆಲ್ಲ ವಿವರಿಸುವ ಸ್ಥಿತಿ ನನ್ನದಲ್ಲ. ಒಂದೇ ಸಲ ಕಿರುಚಿದೆ. ಯಜಮಾನರು ಪಂಚೆ ಇಳಿಸಿದರು. ಹೆಂಡತಿ ಕೈ ಇದ್ದ ಹಾಗೆಯೇ ಟವೆಲ್ಲಿನಲ್ಲಿ ತೂಗುಹಾಕಿ ಆಟೊ ಹತ್ತಿಸಿದಳು. ಆ ದಿನ ಬುದ್ಧಿ ಸ್ಥಿಮಿತದಲ್ಲಿದ್ದದ್ದು ಅವಳೊಬ್ಬಳಿಗೇ.

ಆಸ್ಪತ್ರೆಯಲ್ಲಿ ವೈದ್ಯರು ಮಣಿಕಟ್ಟಿನ ನಾಡಿ ಹಿಡಿದರು, ಕಿರುಬೆರಳು ಮುಟ್ಟಿ "ಗೊತ್ತಾಗುತ್ತದೆಯೇ?" ಎಂದರು. ಆಮೇಲೆ ಹೆಬ್ಬೆರಳು ತೋರುಬೆರಳು ಸೇರಿಸಿ ಸೊನ್ನೆ ಮಾಡಲು ಹೇಳಿದರು. ನರಗಳ ಪರೀಕ್ಷೆಯದು. ಕಣ್ಣಲ್ಲಿ ನೀರು ತುಂಬಿಕೊಂಡು ಸೊನ್ನೆ ಮಾಡಿದೆ. ಬಾಗಿಲಲ್ಲಿ ನಿಂತಿದ್ದ ಭಾವ ಅದನ್ನು ನೋಡಿ ಊರಿಗೆಲ್ಲ ಫೋನು ಮಾಡಿದರು: "ಆರಾಮಾಗಿದ್ದಾನೆ, ಸೂಪರ್ ಎಂದು ಕೈ ಸನ್ನೆ ಮಾಡುತ್ತಿದ್ದಾನೆ."

ಎಕ್ಸ್-ರೇ ಆಯಿತು, ಮಂಪರಿನ ಚುಚ್ಚುಮದ್ದಾಯಿತು. ಒಬ್ಬರು ತೋಳು ಹಿಡಿದರು, ವೈದ್ಯರು ಮುಂಗೈಯನ್ನು ಮೆಲ್ಲಗೆ ಎಳೆಯುತ್ತ ಮಡಚಿದರು. ಟಕ್ ಎಂದಿತಂತೆ, ನಾನು ಕೇಳಲಿಲ್ಲ, ಭಾವ ಕೇಳಿ ಕುರ್ಚಿ ಹುಡುಕಿಕೊಂಡು ಕುಳಿತರಂತೆ. ಕೂಡಿದ್ದು ಖಾತ್ರಿಯಾಗಲು ಇನ್ನೊಂದು ಎಕ್ಸ್-ರೇ, ಅದರ ಮೇಲೆ ಕೈ ಮಡಚಿದಂತೆಯೇ, ಪೂರ್ತಿ ಸುತ್ತುವರಿಯದ ಅರ್ಧ ಪ್ಲಾಸ್ಟರ್ ಪಟ್ಟಿ.

ನಿಜವಾದ ಚಿಕಿತ್ಸೆ ಶುರುವಾದದ್ದು ಮನೆಯಲ್ಲಿ. ಒಬ್ಬರು ಮೊಟ್ಟೆಯ ಲೋಳೆ ಹಚ್ಚಿ ಬಿದಿರಿನ ದಬ್ಬೆ ಕಟ್ಟು ಎಂದರು. ಇನ್ನೊಬ್ಬರು ಮೂರು ತಿಂಗಳು ಅಲ್ಲಾಡಿಸಲೇಬೇಡ ಎಂದರು. ವೈದ್ಯರು ಹೇಳಿದ್ದು ಇದಕ್ಕೆ ತದ್ವಿರುದ್ಧ: ಮೊಣಕೈ ಬಳಸದ ಬಾಗಿಲಿನ ಹಾಗೆ ಬೇಗ ಬಿಗಿದುಕೊಳ್ಳುತ್ತದೆ, ಮೂರು ವಾರ ಮೀರಿ ಕಟ್ಟಿಡಬಾರದು; ಕೀಲು ಗಟ್ಟಿಯಾಗಿ ಕೂತಿದ್ದರೆ ಅದಕ್ಕೂ ಮೊದಲೇ ಅವರು ಹೇಳಿದಷ್ಟು ಮಡಚಿ ಚಾಚಬೇಕು. ಆದರೆ ಯಾರೂ ತಿಕ್ಕಬಾರದು, ಬಲವಂತವಾಗಿ ಎಳೆಯಬಾರದು. ಗಾಯಗೊಂಡ ಸ್ನಾಯುವಿನಲ್ಲಿ ಮೂಳೆ ಬೆಳೆದುಬಿಡಬಹುದು. ಮಾಂಸದಲ್ಲಿ ಮೂಳೆ! ಕೇಳಿದ ನನಗೆ ಕೀಲು ತಪ್ಪಿದಾಗಲೂ ಬಾರದ ಬೆವರು ಬಂತು.

ಅಷ್ಟರಲ್ಲಿ ಸಿರುಗುಪ್ಪದಿಂದ ಸೋದರತ್ತೆ ಬಂದರು, ಗಾಣದ ಹರಳೆಣ್ಣೆಯ ಸೀಸೆ ಸಮೇತ. ಎಣ್ಣೆ ಬಿಸಿ ಮಾಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನ ಮುಂದೆ ಕುಳಿತರು. ವೈದ್ಯರ ಮಾತನ್ನು ಪೂರ್ತಿ ಒಪ್ಪಿಸಿದೆ. ಅತ್ತೆ ಎಲ್ಲವನ್ನೂ ಶ್ರದ್ಧೆಯಿಂದ ಕೇಳಿ, ಎದ್ದು, ನನ್ನ ಹಿಂದೆ ಬಂದು ನಿಂತು ಬಟ್ಟಲನ್ನು ನೆತ್ತಿಯ ಮೇಲೆ ಬಗ್ಗಿಸಿದರು.

"ಬೇಡ ಎಂದದ್ದು ಕೈಗಲ್ಲವೇ? ತಲೆಯ ಸುದ್ದಿ ಅವರು ಎತ್ತಲೇ ಇಲ್ಲವಲ್ಲ."